ನೀರು ಮುಟ್ಟಿದ ಮೇಲೆ

ಎರಡನೇ ಮಹಾಯುದ್ಧದ ವಿಮಾನ ಸಿಮ್ಯುಲೇಟರ್‌ಗಳನ್ನು ಆಡುವವರಷ್ಟು ಕಟ್ಟುನಿಟ್ಟಿನ ಓದುಗರು ನಮ್ಮ ಪತ್ರಿಕೆಗೂ ಇರಲಾರರು. ಎಂಜಿನ್ ಸದ್ದು ಕೊಂಚ ಹೆಚ್ಚುಕಮ್ಮಿಯಾದರೆ ತಕರಾರು, ರೆಕ್ಕೆಯ ಬಣ್ಣ ಒಂದಿಷ್ಟು ಬದಲಾದರೆ ಜಗಳ. ಅದೇ ವಿಮಾನ ಎಂಜಿನ್ ಕೆಟ್ಟು ಕಡಲಿಗಿಳಿದರೆ ಮಾತ್ರ ಎಲ್ಲರೂ ಉದಾರಿಗಳು. ಎಷ್ಟೋ ಆಟಗಳಲ್ಲಿ ನೀರೆಂದರೆ ಒಂದೋ ಗೋಡೆ, ಮುಟ್ಟಿದರೆ ಸ್ಫೋಟ. ಇಲ್ಲವೇ ನೀಲಿ ಬಳಿದ ರನ್‌ವೇ. ಮರುಕ್ಷಣ ಅಂಕಪಟ್ಟಿ ತೆರೆದುಕೊಳ್ಳುತ್ತದೆ.

ನಿಜವಾದ ನೀರು ವಿಮಾನದಿಂದ ವಿಮಾನಕ್ಕೆ ಬೇರೆ ಬೇರೆಯಾಗಿ ವರ್ತಿಸುತ್ತಿತ್ತು. ಮಸ್ಟಾಂಗ್ ಫೈಟರ್‌ನ ಹೊಟ್ಟೆಯಡಿ ರೇಡಿಯೇಟರ್‌ಗೆ ಗಾಳಿ ಎಳೆದುಕೊಳ್ಳುವ ದೊಡ್ಡ ಬಾಯಿಯಿತ್ತು. ಆಕಾಶದಲ್ಲಿ ಅದು ವರ, ಕಡಲಿನಲ್ಲಿ ನೀರು ಮೊಗೆಯುವ ಬಕೆಟ್ಟು. ಮೂಗು ಮುಳುಗಿ, ಬಾಲ ಎದ್ದು, ನೋಡನೋಡುತ್ತ ವಿಮಾನ ಕೆಳಗೆ. ಅದಕ್ಕೇ ಅದರ ಪೈಲಟ್‌ಗಳಿಗೆ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವುದೇ ಮೇಲೆಂದು ಹೇಳಿಕೊಡುತ್ತಿದ್ದರು. ಲಿಬರೇಟರ್ ಬಾಂಬರ್‌ನದು ಇನ್ನೊಂದು ಕಥೆ. ರೆಕ್ಕೆ ಮೇಲೆ, ಒಡಲು ಕೆಳಗೆ, ಪೆಟ್ಟೆಲ್ಲ ಒಡಲಿಗೇ. ಬಾಂಬ್ ಕೋಣೆಯ ತೆಳು ಬಾಗಿಲು ಕಿತ್ತುಹೋದರೆ ನೀರು ಒಳಗಿದ್ದವರ ಮೇಲೇ ನುಗ್ಗುತ್ತಿತ್ತು. ರೆಕ್ಕೆ ಕೆಳಗಿದ್ದ ಬಿ-17 ಬಾಂಬರ್‌ನಲ್ಲಿ ತೇಲಾಡಿಕೊಂಡು ರಬ್ಬರ್ ದೋಣಿ ಬಿಚ್ಚಲು ಸ್ವಲ್ಪ ವ್ಯವಧಾನವಾದರೂ ಸಿಗುತ್ತಿತ್ತು.

ಇದೆಲ್ಲ ಆಗಿನ ಎಂಜಿನಿಯರುಗಳಿಗೂ ಮೊದಲೇ ಗೊತ್ತಿದ್ದ ವಿದ್ಯೆಯಲ್ಲ. ಅಮೆರಿಕದ ಲ್ಯಾಂಗ್ಲಿ ಸಂಶೋಧನಾಲಯದಲ್ಲಿ ಪುಟ್ಟ ಮಾದರಿ ವಿಮಾನಗಳನ್ನು ಕವಣೆಯಂಥ ಯಂತ್ರದಿಂದ ನೀರಿನ ತೊಟ್ಟಿಗೆ ಎಸೆದೆಸೆದು ನೋಡಿದರು. ಅದೂ ಸಾಲದೆ 1944ರ ಸೆಪ್ಟೆಂಬರ್‌ನಲ್ಲಿ ನಿಜವಾದ ಒಂದು ಲಿಬರೇಟರನ್ನೇ ವರ್ಜೀನಿಯಾದ ಜೇಮ್ಸ್ ನದಿಗೆ ಬೇಕೆಂದೇ ಇಳಿಸಿದರು. ಒಡಲು ಮುರಿಯಿತು, ಪೈಲಟ್‌ಗಳು ಬದುಕಿ ಬಂದರು. ಯುದ್ಧ ಮುಗಿಯಲು ಒಂದು ವರ್ಷವೂ ಉಳಿದಿರದಿದ್ದಾಗ ನಡೆದ ಪರೀಕ್ಷೆ ಅದು. ಅಷ್ಟರಲ್ಲಾಗಲೇ ಎಷ್ಟೋ ಸಿಬ್ಬಂದಿ ಈ ಪರೀಕ್ಷೆಯನ್ನು ತಮ್ಮ ಮೈಮೇಲೇ ಮಾಡಿಕೊಂಡಿದ್ದರು.

ಸಿಮ್ಯುಲೇಟರ್ ತಯಾರಕರನ್ನು ನಾನು ದೂರುವುದಿಲ್ಲ. ಗಾಳಿಯ ಲೆಕ್ಕವೇ ಕಂಪ್ಯೂಟರನ್ನು ಬೆವರಿಸುವಾಗ ಅಲೆಯ ಲೆಕ್ಕವನ್ನೂ ಹೊರಿಸುವುದು ಸುಲಭವಲ್ಲ. ನನ್ನ ತಕರಾರು ‘ನೈಜತೆ’ ಎಂದು ನಾವು ಯಾವುದಕ್ಕೆ ಹೇಳುತ್ತೇವೆ ಎನ್ನುವುದರ ಬಗ್ಗೆ. ಆಟಗಾರ ಒಂದೇ ಸಂಜೆ ಹತ್ತು ಸಲ ಕಡಲಿಗಿಳಿದು, ಹನ್ನೊಂದನೆಯ ಸಲಕ್ಕೆ ಕೈ ಪಳಗಿಸಿಕೊಳ್ಳುತ್ತಾನೆ. ಅಂದಿನ ಪೈಲಟ್‌ಗೆ ಈಜುಕೊಳದಲ್ಲಿ ದೋಣಿ ಹತ್ತುವ, ನೆಲದ ಮೇಲೆ ನಿಂತ ವಿಮಾನದಿಂದ ಹೊರಬೀಳುವ ಅಭ್ಯಾಸ ಮಾಡಿಸಬಹುದಿತ್ತು, ಇಳಿಸುವುದನ್ನಲ್ಲ. ಗಾಳಿಗೆ ಎದುರಾಗಿ ಇಳಿಯಬೇಕೆಂದು ಕಲಿತ ಕೈ, ದೊಡ್ಡ ಅಲೆ ಕಂಡರೆ ಅದರ ಸಾಲಿಗೆ ಸಮಾನಾಂತರವಾಗಿ ತಿರುಗಬೇಕಿತ್ತು. ಬಾಲ ಮೊದಲು ತಾಗಿದಾಗ ಸಣ್ಣ ಪೆಟ್ಟು. ಅಷ್ಟಕ್ಕೇ ಮುಗಿಯಿತೆಂದು ಬೆಲ್ಟ್ ಬಿಚ್ಚಿದವನಿಗೆ ಮೂಗು ಬಡಿಯುವಾಗಿನ ಎರಡನೇ ಪೆಟ್ಟು ಕಾದಿರುತ್ತಿತ್ತು.

ಬಚಾವಾದವರ ಪಾಲಿಗೆ ಕಥೆ ಶುರುವಾಗುತ್ತಿದ್ದುದೇ ಅಲ್ಲಿಂದ. 1942ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಒಂದು ಬ್ಯೂಫರ್ಟ್ ವಿಮಾನ ಉತ್ತರ ಸಮುದ್ರಕ್ಕೆ ಬಿತ್ತು. ತಾವೆಲ್ಲಿದ್ದೇವೆಂದು ತಿಳಿಸಲು ಸಿಬ್ಬಂದಿಗೆ ದಾರಿಯಿರಲಿಲ್ಲ. ಅವರ ಜೊತೆಗಿದ್ದ ವಿಂಕಿ ಎಂಬ ಪಾರಿವಾಳ ಮೈಗೆ ಎಣ್ಣೆ ಮೆತ್ತಿಕೊಂಡೇ ಸ್ಕಾಟ್‌ಲೆಂಡಿನ ತನ್ನ ಗೂಡಿಗೆ ಹಾರಿ ಬಂತು. ಕಾಲಲ್ಲಿ ಚೀಟಿಯಿರಲಿಲ್ಲ. ವಿಮಾನ ಬಿದ್ದ ಹೊತ್ತು, ಹಕ್ಕಿ ಬಂದ ಹೊತ್ತು, ಗಾಳಿಯ ದಿಕ್ಕು, ಎಣ್ಣೆ ಮೆತ್ತಿದ ರೆಕ್ಕೆ ವೇಗವನ್ನು ಎಷ್ಟು ತಗ್ಗಿಸಿರಬಹುದು ಎಂಬ ಅಂದಾಜು, ಇವಿಷ್ಟನ್ನು ಕೂಡಿಸಿ ಕಳೆದು ದೋಣಿಯಿದ್ದ ಜಾಗವನ್ನು ಹುಡುಕಿದರು. ಸಿಬ್ಬಂದಿ ಉಳಿದರು, ಮರುವರ್ಷ ಹಕ್ಕಿಗೆ ಡಿಕಿನ್ ಪದಕ ಸಂದಿತು.

ಆಟ ಮತ್ತು ಚರಿತ್ರೆಯ ನಂಟು ಈ ಸಂಚಿಕೆಯ ವಿಷಯ. ಲೇಖಕರಲ್ಲಿ ಇಬ್ಬರು ಸ್ವತಃ ಸಿಮ್ಯುಲೇಟರ್ ಪ್ರೇಮಿಗಳು. ಮೇಲಿನ ಮಾತಿಗೆ ಅವರ ಆಕ್ಷೇಪ ಏನೇ ಇದ್ದರೂ ಮುಂದಿನ ಸಂಚಿಕೆಯಲ್ಲಿ ಜಾಗವಿದೆ.