ಊಟದ ಮಧ್ಯೆ ನೀರು ಕುಡಿದರೆ ತೊಂದರೆಯಿಲ್ಲ, ಊಟವಾದ ಮೇಲಿನ ಕಾಫಿಯದ್ದೇ ಯೋಚನೆ

'ಊಟ ಮಾಡುವಾಗ ನೀರು ಕುಡಿಯಬೇಡಿ, ಜೀರ್ಣರಸ ತೆಳುವಾಗಿ ತಿಂದ ಅನ್ನ ಹೊಟ್ಟೆಯಲ್ಲೇ ಕೊಳೆಯುತ್ತದೆ' ಎಂಬ ಸಂದೇಶ ವಾಟ್ಸಾಪ್‌ ಗುಂಪುಗಳಲ್ಲಿ ಆಗಾಗ ಹರಿದಾಡುತ್ತದೆ. ನಮಗೂ ಬಂದಿದೆ, ಅದೂ ಮನೆಯವರಿಂದಲೇ.

ಇದು ನಿಜವಲ್ಲ. ಜಠರವು ಆಮ್ಲವನ್ನು ಒಂದೇ ಸಲ ಸುರಿದು ಸುಮ್ಮನಾಗುವುದಿಲ್ಲ. ಒಳಗೆ ಆಹಾರ ಇರುವಷ್ಟು ಹೊತ್ತೂ ಸ್ರವಿಸುತ್ತಲೇ ಇರುತ್ತದೆ. ದಿನಕ್ಕೆ ಸುಮಾರು 2 ಲೀಟರ್ ಜಠರರಸ ತಯಾರಾಗುತ್ತದೆ. ಒಂದು ಲೋಟ ನೀರು ಅದನ್ನು ಕೆಡಿಸುವುದಿಲ್ಲ. ಅಷ್ಟಕ್ಕೂ ಸಾರು, ಮಜ್ಜಿಗೆಯಲ್ಲಿ ಇರುವುದೂ ಬಹುಪಾಲು ನೀರೇ ಅಲ್ಲವೇ?

ಜೊತೆಗೆ, ಪೋಷಕಾಂಶಗಳು ರಕ್ತಕ್ಕೆ ಸೇರುವುದು ಹೆಚ್ಚಾಗಿ ಜಠರದಲ್ಲಲ್ಲ, ಅದರ ಮುಂದಿನ ಸಣ್ಣ ಕರುಳಿನಲ್ಲಿ. ಅದರ ಒಳಗೋಡೆ ಟರ್ಕಿ ಟವೆಲ್‌ ಹಾಗೆ, ತುಂಬಾ ಪುಟ್ಟ ಪುಟ್ಟ ಎಳೆಗಳು. (ಇದನ್ನು ಬಿಡಿಸಿ ಹರಡಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ನಾವೂ ಓದಿಕೊಂಡು ಬಂದವರೇ. 2014ರಲ್ಲಿ ಸ್ವೀಡನ್‌ನ ಸಂಶೋಧಕರು ಅಳೆದು ಲೆಕ್ಕ ಹಾಕಿದಾಗ ಸಿಕ್ಕಿದ್ದು ಸುಮಾರು 30 ಚದರ ಮೀಟರ್. ಬ್ಯಾಡ್ಮಿಂಟನ್ ಅಂಗಳದ ಅರ್ಧವೂ ಇಲ್ಲ.)

ಆದರೆ ತಿಂದದ್ದೆಲ್ಲ ಇಲ್ಲಿ ಒಂದೇ ರೀತಿ ಹೀರಿಕೆಯಾಗುವುದಿಲ್ಲ. ಸಕ್ಕರೆ, ಕೊಬ್ಬು ಬಹುಪಾಲು ಒಳಗೆ ಹೋಗುತ್ತವೆ. ಕಬ್ಬಿಣಾಂಶದ ಕಥೆ ಬೇರೆ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣದಲ್ಲಿ ಸ್ವಲ್ಪ ಭಾಗ ಮಾತ್ರ ದೇಹಕ್ಕೆ ದಕ್ಕುತ್ತದೆ. ಊಟದ ಜೊತೆ ನಿಂಬೆಹಣ್ಣು, ಸೀಬೆ, ನೆಲ್ಲಿಕಾಯಿ ಇದ್ದರೆ ಅವುಗಳಲ್ಲಿನ ವಿಟಮಿನ್ ಸಿ ಈ ಪ್ರಮಾಣವನ್ನು ಹೆಚ್ಚಿಸುತ್ತದೆ. ಕಾಫಿ, ಟೀಯಲ್ಲಿನ ಒಗರು ಅಂಶಗಳು ಕಬ್ಬಿಣವನ್ನು ಕಟ್ಟಿಹಾಕಿ ಕಡಿಮೆ ಮಾಡುತ್ತವೆ.

ಎಷ್ಟು ಕಡಿಮೆ? 1983ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹ್ಯಾಂಬರ್ಗರ್ ಊಟದ ಜೊತೆ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ಶೇ 39ರಷ್ಟು, ಟೀ ಕುಡಿದಾಗ ಶೇ 64ರಷ್ಟು ಕುಸಿಯಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ಆಗಲಿಲ್ಲ. ಒಂದು ಗಂಟೆ ನಂತರ ಕುಡಿದರೆ ಮಾತ್ರ ಜೊತೆಗೆ ಕುಡಿದಷ್ಟೇ ನಷ್ಟ! ನಮ್ಮ ಮುದ್ದೆ-ಸಾರಿಗೆ ಇದೇ ಅಂಕಿ ಹೊಂದಬೇಕೆಂದಿಲ್ಲ, ಆದರೆ ಪರಿಣಾಮ ಇದೇ ಬಗೆಯದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ 48 ಮಂದಿಗೆ ರಕ್ತಹೀನತೆಯಿದೆ. ಇದಕ್ಕೆಲ್ಲ ಕಾಫಿಯೇ ಕಾರಣ ಎಂದು ದಯವಿಟ್ಟು ಫಾರ್ವರ್ಡ್ ಮಾಡಬೇಡಿ, ಕಾರಣಗಳು ಹಲವು. ಆದರೆ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಗರ್ಭಿಣಿಯೊಬ್ಬರು ತಿಂಡಿಯ ನಂತರ ಕಾಫಿಯ ಜೊತೆ ನುಂಗಿದರೆ, ಅದರ ಒಂದು ಪಾಲು ವ್ಯರ್ಥ. ನೀರು ಅಥವಾ ನಿಂಬೆ ಪಾನಕದ ಜೊತೆ ತೆಗೆದುಕೊಂಡು, ಕಾಫಿ-ಟೀಗೆ ಕನಿಷ್ಠ ಎರಡು ಗಂಟೆ ಬಿಡುವು ಕೊಡುವುದು ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆಗೇ ನುಂಗಬಾರದು.

ಮಾತ್ರೆ ಶುರುವಾದ ಮೇಲೆ ಮಲ ಕಪ್ಪಾಯಿತೆಂದು ಹೆದರಿ ನಿಲ್ಲಿಸುವವರಿದ್ದಾರೆ. ಹೀರಿಕೆಯಾಗದೆ ಉಳಿದ ಕಬ್ಬಿಣ ಹೊರಹೋಗುವಾಗ ಹಾಗಾಗುತ್ತದೆ, ಮಾತ್ರೆ ಬಿಡಬೇಕಿಲ್ಲ. ಮಾತ್ರೆ ತೆಗೆದುಕೊಳ್ಳದಿರುವಾಗಲೂ ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ, ಅದು ಹೊಟ್ಟೆಯೊಳಗಿನ ರಕ್ತಸ್ರಾವ ಇರಬಹುದು.