ಸತ್ತ ಶೆಲ್ಲಿಗೂ ಒಂದು ಬೆಲೆ ಬೇಕು

ಮನೆಯ ಯುಪಿಎಸ್ ಬ್ಯಾಟರಿ ಕೈಕೊಟ್ಟರೆ ಅದನ್ನು ಎಲ್ಲಿ ಎಸೆಯುವುದೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಸದನ್ನು ಕೂರಿಸಲು ಬಂದ ಅಂಗಡಿಯ ಹುಡುಗನೇ ಹಳೆಯದನ್ನು ಹೊತ್ತೊಯ್ಯುತ್ತಾನೆ, ಬಿಲ್ಲಿನಲ್ಲಿ ಎಕ್ಸ್‌ಚೇಂಜ್ ಎಂದು ಒಂದಷ್ಟು ಹಣ ಕಳೆಯುತ್ತಾನೆ. ಒಳಗಿರುವ ಸೀಸಕ್ಕೆ ಬೆಲೆಯಿದೆ, ಹಾಗಾಗಿ ವಾಪಸಾಗುವ ದಾರಿಯೂ ಇದೆ. (ಆ ದಾರಿ ಎಷ್ಟೋ ಸಲ ಆ್ಯಸಿಡ್ಡನ್ನು ಚರಂಡಿಗೆ ಸುರಿದು ಸೀಸ ಕರಗಿಸುವ ಹಿತ್ತಿಲ ಶೆಡ್ಡಿಗೆ ಹೋಗುತ್ತದೆ ಎಂಬುದು ಬೇರೆ ಮಾತು.) ಅದೇ ಮನೆಯ ರಿಮೋಟಿನ ಪೆನ್ಸಿಲ್ ಶೆಲ್ಲು ಮಾತ್ರ ಬಿಸಿಲಿಗೆ ಕಾದು, ಅಂಗೈಯಲ್ಲಿ ಉಜ್ಜಿಸಿಕೊಂಡು, ಇನ್ನೆರಡು ದಿನ ಓಡಿ ಕಸದ ಬುಟ್ಟಿ ಸೇರುತ್ತದೆ. ಗುಜರಿಯವರ ತಕ್ಕಡಿಯಲ್ಲೂ ಅದಕ್ಕೆ ಜಾಗವಿಲ್ಲ.

ಕಾನೂನಿಲ್ಲ ಎನ್ನುವಂತಿಲ್ಲ. 2001ರ ನಿಯಮ ಸೀಸದ ಬ್ಯಾಟರಿಗಳಿಗಷ್ಟೇ ಅನ್ವಯಿಸುತ್ತಿತ್ತು. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡವು. ಹೂಳುವಂತಿಲ್ಲ, ಸುಡುವಂತಿಲ್ಲ, ತಯಾರಿಸಿದವರು ಮತ್ತು ಆಮದು ಮಾಡಿಕೊಂಡವರೇ ಸಂಗ್ರಹಿಸಿ ಮರುಬಳಕೆಗೆ ಕಳಿಸಬೇಕು. ತೊಡಕಿರುವುದು ಮುಂದೆ. ಗ್ರಾಹಕರಿಂದ ಠೇವಣಿ ಪಡೆದು ಹಿಂದಿರುಗಿಸುವ ಪದ್ಧತಿಯನ್ನು ನಿಯಮ ಹೆಸರಿಸುತ್ತದಾದರೂ ಅದನ್ನು ಕಂಪನಿಗಳ ಇಷ್ಟಕ್ಕೆ ಬಿಟ್ಟಿದೆ. ಮರುಬಳಕೆ ಘಟಕಗಳಿಂದ ಪ್ರಮಾಣಪತ್ರ ಕೊಂಡರೂ ಹೊಣೆ ತೀರುತ್ತದೆ. ಅಂದಮೇಲೆ ಕಿರಾಣಿ ಅಂಗಡಿಯ ಮುಂದೆ ಡಬ್ಬಿ ಇಡುವ ಉಸಾಬರಿ ಯಾರಿಗೆ ಬೇಕು?

ಎಲ್ಲ ಶೆಲ್ಲುಗಳನ್ನೂ ಒಂದೇ ಭಯದಿಂದ ನೋಡುವುದೂ ಸರಿಯಲ್ಲ. ಮಾಮೂಲಿ ಪೆನ್ಸಿಲ್ ಶೆಲ್ಲಿನೊಳಗೆ ಇರುವುದು ಮುಖ್ಯವಾಗಿ ಸತು, ಮ್ಯಾಂಗನೀಸ್, ಇದ್ದಿಲ ಕಡ್ಡಿ. ನಿಜವಾದ ಅಪಾಯ ಮೊಬೈಲ್, ಇಯರ್‌ಬಡ್, ಪವರ್ ಬ್ಯಾಂಕುಗಳ ಲಿಥಿಯಂ ಬ್ಯಾಟರಿಯದು. ಕಸದ ಲಾರಿಯ ಕಾಂಪ್ಯಾಕ್ಟರ್ ಅದನ್ನು ಜಜ್ಜಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತದೆ, ಸುತ್ತಲಿನ ಕಾಗದ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತುತ್ತದೆ. ಆಗ ಅಲ್ಲಿ ನಿಂತಿರುವವರು ಪೌರಕಾರ್ಮಿಕರು. ನಾಣ್ಯದಂಥ ಲಿಥಿಯಂ ಬಟನ್ ಶೆಲ್ಲನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಮಗು ಚೆನ್ನಾಗಿಯೇ ಇರುವಂತೆ ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಆದ್ದರಿಂದ ‘ಮನೆಯಲ್ಲಿ ಕೂಡಿಡಿ’ ಎಂಬ ಸಲಹೆ ಅರ್ಧ ಮಾತ್ರ. ಬಟನ್ ಶೆಲ್ಲು, ಲಿಥಿಯಂ ಬ್ಯಾಟರಿ, 9 ವೋಲ್ಟಿನ ಚೌಕ ಬ್ಯಾಟರಿಯ ತುದಿಗಳಿಗೆ ಟೇಪು ಸುತ್ತಿ, ಒಣಗಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು, ಮತ್ತೆ ಚಾರ್ಜಿಗೆ ಹಾಕಬಾರದು. ಅದನ್ನು ಬೇರೆಯಾಗಿಟ್ಟು ಬೇಗ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಬಳಸಿದ ಬ್ಯಾಟರಿ ಮನೆಯ ಅಪಾಯಕಾರಿ ಕಸ, ಅದನ್ನು ಬೇರ್ಪಡಿಸಿ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ಬೇರ್ಪಡಿಸುವ ಮನೆಗಳೂ ಇವೆ. ಆದರೆ ಗಾಡಿಯಲ್ಲಿ ಅದಕ್ಕೆಂದೇ ಪೆಟ್ಟಿಗೆ ಇಲ್ಲದಿದ್ದರೆ ಆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಯುರೋಪಿನ ಒಕ್ಕೂಟದಲ್ಲಿ ಸಣ್ಣ ಬ್ಯಾಟರಿ ಮಾರುವ ಅಂಗಡಿಯೇ ಹಳೆಯದನ್ನು ಉಚಿತವಾಗಿ ವಾಪಸ್ ಪಡೆಯಬೇಕು. ಅಲ್ಲಿನ ಸಂಗ್ರಹಣೆಯ ಗುರಿ 2027ಕ್ಕೆ ಶೇ 63, 2030ಕ್ಕೆ ಶೇ 73. ನಮಗೆ ಇದು ಅಪರಿಚಿತವೇನಲ್ಲ. ಗಾಜಿನ ಸೋಡಾ ಬಾಟಲಿಯ ಠೇವಣಿ ವ್ಯವಹಾರವನ್ನು ಇಲ್ಲಿನ ಪೆಟ್ಟಿಗೆ ಅಂಗಡಿಗಳು ಯಾವ ಪೋರ್ಟಲ್ಲೂ ಇಲ್ಲದೆ ನಡೆಸಿಕೊಂಡು ಬಂದಿವೆ. ಶೆಲ್ಲಿನ ಬೆಲೆಯಲ್ಲೇ ಒಂದೆರಡು ರೂಪಾಯಿ ಠೇವಣಿ ಸೇರಿಸುವುದನ್ನು ಕಡ್ಡಾಯ ಮಾಡಲಿ. ಹಣ ಸಿಗುತ್ತದೆ ಎಂದಾದರೆ ಗುಜರಿಯವರೂ ಹುಡುಕಿಕೊಂಡು ಬರುತ್ತಾರೆ.

ಹಳ್ಳಿಗಳಲ್ಲಿ ಸಂಗ್ರಹಕ್ಕೆ ಜಾಗ ಈಗಾಗಲೇ ಇದೆ. ರಾಜ್ಯದ ಎಷ್ಟೋ ಗ್ರಾಮ ಪಂಚಾಯಿತಿಗಳ ಸ್ವಚ್ಛ ಸಂಕೀರ್ಣಗಳಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಒಣಕಸ ವಿಂಗಡಿಸುತ್ತಿದ್ದಾರೆ. ಅವರು ಆರಿಸಿಟ್ಟ ಶೆಲ್ಲುಗಳನ್ನು ದೂರದ ಮರುಬಳಕೆ ಘಟಕಕ್ಕೆ ಸಾಗಿಸುವ ಖರ್ಚನ್ನು ಪಂಚಾಯಿತಿಯ ತಲೆಗೆ ಕಟ್ಟದೆ ಕಂಪನಿಗಳಿಂದಲೇ ವಸೂಲು ಮಾಡಬೇಕು. ಪ್ರಮಾಣಪತ್ರ ಕೊಡುವ ಮೊದಲು ಮಾಲು ಯಾವ ಜಿಲ್ಲೆಯಿಂದ, ಯಾರ ಕೈಯಿಂದ ಬಂತು ಎಂದು ಮಾಲಿನ್ಯ ನಿಯಂತ್ರಣ ಮಂಡಳಿ ಕೇಳಬೇಕು.