ನೆರೆಯ ಕಪಿಲೆ ಮೋಜಿನ ತಾಣವಲ್ಲ

2019ರ ಆಗಸ್ಟ್‌ನಲ್ಲಿ ವಯನಾಡಿನ ಮಳೆಗೆ ಕಬಿನಿ ಜಲಾಶಯ ತುಂಬಿ, ಹೊರಹರಿವು ಲಕ್ಷ ಕ್ಯೂಸೆಕ್ ಮೀರಿದಾಗ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು. ಅದೇ ನೆರೆಗೆ ಸೇತುವೆಯಿಂದ ಜಿಗಿದ ಹಿರಿಯ ಈಜುಗಾರರೊಬ್ಬರು ಕಾಣೆಯಾಗಿ, ಎರಡು ದಿನಗಳ ಬಳಿಕ ಬದುಕಿ ಬಂದರು. ತುಂಬಿದ ಹೊಳೆಗೆ ಕಯಾಕ್ ಇಳಿಸಲು ತವಕಿಸುವವರಿಗೆ ಇದಕ್ಕಿಂತ ಅಪಾಯಕಾರಿ ಮೇಲ್ಪಂಕ್ತಿ ಬೇರೊಂದಿಲ್ಲ. ಬಂಡೆಗಳ ನಡುವೆ ನೊರೆಯುಕ್ಕುವ ಮಲೆನಾಡಿನ ಹೊಳೆಯ ಓಟವನ್ನು ಪಳಗಿದ ಕಣ್ಣು ಗುರುತಿಸಬಲ್ಲದು. ಇಲ್ಲಿಯಾದರೋ ಬೀಚನಹಳ್ಳಿಯ ಗೇಟು ತೆರೆದಷ್ಟೂ ನದಿ ಏರುತ್ತದೆ. ಮುಳುಗಿದ ಬೇಲಿಯಾಗಲಿ, ತೇಲಿಬರುವ ಮರವಾಗಲಿ ಕೆಂಪು ನೀರಿನಲ್ಲಿ ಕಾಣದು. ತಿರುಮಕೂಡಲಿನಲ್ಲಿ ಕಾವೇರಿಯೂ ಉಕ್ಕಿದರೆ ಕಪಿಲೆ ಮುಂದೆ ಸಾಗಲಾರದೆ ಗದ್ದೆಗಳಿಗೆ ನುಗ್ಗುತ್ತದೆ. ದಡದ ಮನೆಯವರನ್ನು ಸಾಗಿಸಬೇಕಾದ ದೋಣಿಗಳು ಆಗ ಮೋಜುಗಾರರನ್ನು ಹುಡುಕುತ್ತ ಅಲೆಯಬೇಕೇ? ಹೊರಹರಿವು ತಗ್ಗುವವರೆಗೆ ಎರಡೂ ತಾಲ್ಲೂಕುಗಳಲ್ಲಿ ಇಂಥ ಸಾಹಸಗಳನ್ನು ಜಿಲ್ಲಾಡಳಿತ ಕಟ್ಟುನಿಟ್ಟಾಗಿ ತಡೆಯಲಿ.